ಮೂವತ್ತಾರು ದಿನದ ಪಟ್ಟ

ಡೊಂಬಿವಲಿಯಲ್ಲಿ ನಾವು ಐದಾರು ಮಂದಿ ಕನ್ನಡದವರು ರವಿವಾರ ಬೆಳಿಗ್ಗೆ ಒಂದು ಹೋಟೆಲಿನಲ್ಲಿ ಸೇರುವುದು ಬಹಳ ವರ್ಷಗಳ ರೂಢಿ. ಇಡ್ಲಿ, ಚಹಾ, ಊರಿನ ಸುದ್ದಿ, ಸ್ವಲ್ಪ ರಾಜಕೀಯ. ಮೊನ್ನೆ ನಮ್ಮಲ್ಲೊಬ್ಬರು ಭಾರಿ ಖುಷಿಯಲ್ಲಿದ್ದರು.

"2027ಕ್ಕೆ ನಮ್ಮ ನಾಗರತ್ನ ಮೇಡಂ ದೇಶದ ಮುಖ್ಯ ನ್ಯಾಯಮೂರ್ತಿ ಆಗ್ತಾರೆ ಕಣ್ರೀ. ಮೊದಲ ಮಹಿಳೆ, ಅದೂ ನಮ್ಮ ಕನ್ನಡದವರು! ಸಂಘದಲ್ಲಿ ಈಗಿನಿಂದಲೇ ಒಂದು ಕಾರ್ಯಕ್ರಮಕ್ಕೆ ತಯಾರಿ ಮಾಡಬೇಕು."

ಎಲ್ಲರೂ ಹೌದು ಹೌದು ಅಂದರು. ನಾನು ಮಾತ್ರ ಕೇಳಿದೆ, "ಎಷ್ಟು ದಿನಕ್ಕೆ?"

"ಎಷ್ಟು ದಿನಕ್ಕೆ ಅಂದ್ರೆ?"

"ಮೂವತ್ತಾರು ದಿನಕ್ಕೆ. ಸೆಪ್ಟೆಂಬರ್ 24ರಿಂದ ಅಕ್ಟೋಬರ್ 29ರವರೆಗೆ. ಸಂಘದವರು ಹಾಲ್ ಬುಕ್ ಮಾಡಿ, ಹಾರ ತರಿಸಿ, ಅಧ್ಯಕ್ಷರ ಡೇಟು ಸಿಗುವಷ್ಟರಲ್ಲಿ ಅವರು ರಿಟೈರ್ ಆಗಿರ್ತಾರೆ."

"ನೀವು ಬ್ಯಾಂಕಿನವರು ಎಲ್ಲದಕ್ಕೂ ಲೆಕ್ಕ ಹಾಕ್ತೀರಿ ಮಾರಾಯ್ರೆ" ಅಂತ ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಹೌದು ಸ್ವಾಮಿ, ಲೆಕ್ಕ ಹಾಕುವುದೇ ನನ್ನ ಕಸುಬು. ಇವತ್ತು ಅದನ್ನೇ ಮಾಡುತ್ತೇನೆ.

2027ರ ಸೆಪ್ಟೆಂಬರ್ 24 ಶುಕ್ರವಾರ. ಅಕ್ಟೋಬರ್ 29 ಕೂಡ ಶುಕ್ರವಾರ. ಮಧ್ಯೆ ಶನಿವಾರ, ರವಿವಾರ ಒಟ್ಟು ಹತ್ತು. ಉಳಿದದ್ದು 26. ದಸರಾ ಅದೇ ಅಕ್ಟೋಬರಿನಲ್ಲಿ. ಕೋರ್ಟಿನ ದಸರಾ ರಜೆ ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ದಿನ. ನೂರಾ ನಲವತ್ತು ಕೋಟಿ ಜನರ ದೇಶದ ಅತಿ ದೊಡ್ಡ ಕೋರ್ಟಿನ ಮುಖ್ಯಸ್ಥರಿಗೆ ಇಪ್ಪತ್ತು ದಿನ! ನಮ್ಮಲ್ಲಿ ಹೊಸ ಕ್ಲರ್ಕಿಗೆ ಕ್ಯಾಶ್ ಕೌಂಟರ್ ಒಪ್ಪಿಸುವುದಕ್ಕೂ ಇದಕ್ಕಿಂತ ಹೆಚ್ಚು ಟೈಮ್ ಕೊಡುತ್ತೇವೆ.

ಇದು ಅವರೊಬ್ಬರ ಕಥೆಯಲ್ಲ. 1950ರ ಜನವರಿ 26ರಿಂದ 2025ರ ನವೆಂಬರ್ 23ರವರೆಗೆ 52 ಮಂದಿ ಆ ಕುರ್ಚಿಯಲ್ಲಿ ಕೂತು ಎದ್ದರು. ಸರಾಸರಿ ಹದಿನೇಳೂವರೆ ತಿಂಗಳು. ಏಳು ವರ್ಷ ಕೂತಿದ್ದ ವೈ.ವಿ. ಚಂದ್ರಚೂಡ್ ಅವರೊಬ್ಬರನ್ನು ಬಿಟ್ಟು ಲೆಕ್ಕ ಹಾಕಿದರೆ ಹದಿನಾರು ತಿಂಗಳು. 1991ರಲ್ಲಿ ಕೆ.ಎನ್. ಸಿಂಗ್ ಅವರಿಗೆ ಸಿಕ್ಕಿದ್ದು 17 ದಿನ. ನಮ್ಮ ಕರ್ನಾಟಕದ ಎಸ್. ರಾಜೇಂದ್ರ ಬಾಬು ಅವರಿಗೆ 2004ರಲ್ಲಿ ಒಂದು ತಿಂಗಳು, ಅದೂ ಬೇಸಿಗೆ ರಜೆ ಬರುವ ಮೇ ತಿಂಗಳು. ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರಿಗೆ 1989ರಲ್ಲಿ ಆರು ತಿಂಗಳು. ಈಗಿನ ಹಿರಿತನದ ಪಟ್ಟಿಯ ಪ್ರಕಾರ ಹೋದರೆ 2027 ಒಂದೇ ವರ್ಷದಲ್ಲಿ ನಾಲ್ವರು ಮುಖ್ಯ ನ್ಯಾಯಮೂರ್ತಿಗಳನ್ನು ನೋಡುತ್ತೇವೆ: ಸೂರ್ಯಕಾಂತ್, ವಿಕ್ರಮ್ ನಾಥ್, ನಾಗರತ್ನ, ನರಸಿಂಹ.

"ಆದರೇನಾಯ್ತು? ಕೋರ್ಟು ನಡೆಯುತ್ತಲ್ಲ? ಕುರ್ಚಿಯಲ್ಲಿ ಯಾರಿದ್ದರೇನು?" ಎನ್ನುವವರಿದ್ದಾರೆ. ಅವರಿಗಾಗಿ ನನ್ನ ಬ್ರಾಂಚಿನ ಒಂದು ಘಟನೆ ಹೇಳುತ್ತೇನೆ.

2016ರ ನವೆಂಬರ್ 8ರ ರಾತ್ರಿ ನಿಮಗೆ ನೆನಪಿರಬೇಕು. 9ರಂದು ಬ್ಯಾಂಕ್ ಜನರಿಗೆ ಬಂದ್. 10ರಿಂದ ಶುರುವಾಯಿತು ನೋಡಿ. ಒಂದು ದಿನ ನಾಲ್ಕು ಸಾವಿರದ ಮಿತಿ, ಇನ್ನೊಂದು ದಿನ ನಾಲ್ಕೂವರೆ ಸಾವಿರ, ಮತ್ತೊಂದು ದಿನ ಎರಡು ಸಾವಿರ. ಬೆಳಿಗ್ಗೆ ಒಂದು ಸರ್ಕ್ಯುಲರ್, ಸಂಜೆಗೆ ಇನ್ನೊಂದು. ಮೈಸೂರಿನಲ್ಲಿ ತಯಾರಾಗುವ ಮತದಾನದ ಶಾಯಿಯನ್ನು ಜನರ ಬೆರಳಿಗೆ ಹಚ್ಚಿ ಎಂದರು. ಆ ಐವತ್ತು ದಿನ ನಾವು ಬ್ಯಾಂಕಿನವರು ಮನೆಯಲ್ಲಿ ಸರಿಯಾಗಿ ಊಟ ಮಾಡಿದ್ದಿಲ್ಲ. ಅದಿರಲಿ, ಸಂಬಳ ತಗೊಂಡು ಮಾಡಿದ ಕೆಲಸ.

2017ರ ಜನವರಿಯಲ್ಲಿ ಒಬ್ಬ ಅಜ್ಜಿ ಬಂದರು. ವಿಜಯಪುರ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊತ್ತು ಬದುಕಿದವರು. ಕೈಯಲ್ಲಿ ಹಳೇ ಐನೂರರ ಒಂಬತ್ತು ನೋಟು. ಡಿಸೆಂಬರ್ 30ಕ್ಕೆ ಗಡುವು ಮುಗಿದಿತ್ತು. ಊರಿಗೆ ಹೋಗಿದ್ದರಂತೆ, ಅಲ್ಲಿ ಮಗಳ ಬಾಣಂತನ. ವಾಪಸ್ ಬಂದು ಜ್ವಾಳದ ಡಬ್ಬಿ ತೆಗೆದಾಗ ತಾವೇ ಬಚ್ಚಿಟ್ಟ ದುಡ್ಡು ಸಿಕ್ಕಿತು. ನಾನು ಕನ್ನಡದವನು ಅಂತ ಯಾರೋ ಹೇಳಿ ನನ್ನ ಟೇಬಲ್ಲಿಗೆ ಕಳಿಸಿದ್ದರು. "ಯಪ್ಪಾ, ಇದು ಕದ್ದ ರೊಕ್ಕ ಅಲ್ಲೋ, ನಾ ದುಡದ ರೊಕ್ಕ" ಅಂದರು. ನಾನೇನು ಹೇಳಲಿ? "ಆಗಂಗಿಲ್ಲವ್ವ, ಕೋರ್ಟಿನ್ಯಾಗ ಕೇಸ್ ನಡದೈತಿ, ನೋಡೂಣು" ಎಂದೆ. "ಯಾವಾಗ ಹೇಳ್ತಾರ?" ಅಂತ ಕೇಳಿದರು. "ಲಗೂನ ಹೇಳ್ತಾರ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅಷ್ಟರಲ್ಲಾಗಲೇ, 2016ರ ಡಿಸೆಂಬರ್ 16ರಂದು, ನೋಟು ರದ್ದತಿಯ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟ್ ಐವರ ಸಂವಿಧಾನ ಪೀಠಕ್ಕೆ ಒಪ್ಪಿಸಿತ್ತು. ಇಷ್ಟು ದೊಡ್ಡ ವಿಷಯ, ದೇಶಕ್ಕೆ ದೇಶವೇ ಕ್ಯೂನಲ್ಲಿ ನಿಂತಿದೆ, ಆರು ತಿಂಗಳಲ್ಲಿ ಹೇಳಿಯಾರು ಅಂತ ನಂಬಿದ್ದೆ.

ತೀರ್ಪು ಬಂದದ್ದು 2023ರ ಜನವರಿ 2ರಂದು. ಆರು ವರ್ಷ ಹದಿನೇಳು ದಿನ!

ಈ ಆರು ವರ್ಷದಲ್ಲಿ ಎಷ್ಟು ಮುಖ್ಯ ನ್ಯಾಯಮೂರ್ತಿಗಳು ಬಂದು ಹೋದರು ಎಣಿಸೋಣ. ಪೀಠಕ್ಕೆ ಒಪ್ಪಿಸಿದವರು ಠಾಕೂರ್. ಮೂರು ವಾರದಲ್ಲಿ ನಿವೃತ್ತರಾದರು. ಆಮೇಲೆ ಖೇಹರ್, ದೀಪಕ್ ಮಿಶ್ರಾ, ಗೊಗೊಯ್, ಬೋಬ್ಡೆ, ರಮಣ, ಲಲಿತ್. ತೀರ್ಪಿನ ದಿನ ಡಿ.ವೈ. ಚಂದ್ರಚೂಡ್. ಒಟ್ಟು ಎಂಟು ಮಂದಿ. ಆ ಫೈಲು ಎಂಟು ಮ್ಯಾನೇಜರುಗಳನ್ನು ಕಂಡಿತು. ನಮ್ಮಲ್ಲಿ ಸಾಲದ ಖಾತೆ ಯಾಕೆ ಹಾಳಾಗುತ್ತದೆ ಅಂತ ಹೊಸ ಆಫೀಸರುಗಳು ಕೇಳುತ್ತಾರೆ. ಮ್ಯಾನೇಜರು ಬದಲಾದಾಗಲೆಲ್ಲ ಹೊಸಬರು "ಇದು ನನ್ನ ಕಾಲದ್ದಲ್ಲ, ಆಮೇಲೆ ನೋಡೋಣ" ಅಂತ ಬದಿಗಿಡುತ್ತಾರೆ. ಹಾಗೆ ಹಾಳಾಗುತ್ತದೆ.

ಮುಖ್ಯ ನ್ಯಾಯಮೂರ್ತಿ ಬರೀ ಕೇಸು ಕೇಳುವ ಮೂವತ್ತನಾಲ್ಕು ಜನರಲ್ಲಿ ಒಬ್ಬರಲ್ಲ. ಕೇಸಿನ ತೀರ್ಮಾನದಲ್ಲಿ ಅವರದು ಒಂದೇ ಓಟು ನಿಜ. ಆದರೆ ಯಾವ ಕೇಸು ಯಾವ ಪೀಠಕ್ಕೆ, ಸಂವಿಧಾನ ಪೀಠದಲ್ಲಿ ಯಾರು ಯಾರು, ಅದು ಕೂರುವುದು ಯಾವಾಗ, ಇದೆಲ್ಲ ಅವರ ಕೈಯಲ್ಲಿ. 2018ರ ಜನವರಿಯಲ್ಲಿ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದು ಅಸಮಾಧಾನ ಹೇಳಿಕೊಂಡದ್ದು ಈ ಅಧಿಕಾರದ ಬಗ್ಗೆಯೇ. ಅದೇ ವರ್ಷ ಕೋರ್ಟು ಆ ಅಧಿಕಾರ ಮುಖ್ಯ ನ್ಯಾಯಮೂರ್ತಿಯದ್ದೇ ಎಂದು ಮತ್ತೊಮ್ಮೆ ಹೇಳಿತು. ಇದರ ಮೇಲೆ ಹೊಸ ನ್ಯಾಯಮೂರ್ತಿಗಳ ಹೆಸರು ಆರಿಸುವ ಕೊಲಿಜಿಯಂಗೂ ಅವರೇ ಮುಖ್ಯಸ್ಥರು. ಇಷ್ಟೆಲ್ಲ ಅಧಿಕಾರ ಒಂದು ಕುರ್ಚಿಗೆ ಕೊಟ್ಟು, ಅದರಲ್ಲಿ ಕೂರುವವರನ್ನು ಬಸ್ ಸ್ಟ್ಯಾಂಡಿನ ಪ್ರಯಾಣಿಕರ ಹಾಗೆ ಬದಲಾಯಿಸುತ್ತೇವೆ.

ಸಂವಿಧಾನ ಪೀಠ ಅಂದರೆ ಐವರನ್ನು ದಿನನಿತ್ಯದ ಕೆಲಸದಿಂದ ಬಿಡಿಸಿ, ವಾರಗಟ್ಟಲೆ ಒಂದೇ ವಿಷಯ ಕೇಳಿಸಬೇಕು. ಬಾಕಿ ಕೇಸುಗಳೋ, 2025ರಲ್ಲಿ ಎಂಬತ್ತು ಸಾವಿರ ದಾಟಿದ್ದವು. ಮೂರು ತಿಂಗಳಲ್ಲಿ ಮನೆಗೆ ಹೋಗುವವರು ಈ ತಲೆನೋವು ಯಾಕೆ ಹಚ್ಚಿಕೊಳ್ಳುತ್ತಾರೆ? ಹಚ್ಚಿಕೊಂಡರೂ ಮಧ್ಯದಲ್ಲಿ ಒಬ್ಬರು ನಿವೃತ್ತರಾದರೆ ಮತ್ತೆ ಮೊದಲಿನಿಂದ. ನೋಟು ರದ್ದತಿಯ ಪೀಠದ ಮುಖ್ಯಸ್ಥರಾಗಿದ್ದ ಅಬ್ದುಲ್ ನಜೀರ್ ಅವರು ನಿವೃತ್ತರಾದದ್ದು ತೀರ್ಪು ಬಂದ ಎರಡೇ ದಿನಕ್ಕೆ, ಜನವರಿ 4ರಂದು. ಇನ್ನೆರಡು ದಿನ ತಡವಾಗಿದ್ದರೆ?

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಆ ಪೀಠ ಕೂರುವಂತೆ ಮಾಡಿದವರು ಲಲಿತ್. ಅವರಿಗೆ ಸಿಕ್ಕಿದ್ದು ಬರೀ 74 ದಿನ. "ನೋಡಿ, ಮನಸ್ಸಿದ್ದರೆ 74 ದಿನದಲ್ಲೂ ಆಗುತ್ತೆ" ಎನ್ನಬಹುದು. ಆಯಿತು, ಒಪ್ಪಿದೆ. ವರ್ಷದ ಮೇಲೆ ಕೂತವರೂ ಈ ಕೇಸನ್ನು ಮುಟ್ಟಲಿಲ್ಲ, ಅದೂ ನಿಜ. ಬರೀ ಅವಧಿ ಇದ್ದರೆ ಸಾಲದು. ಆದರೆ ಒಬ್ಬ ಚುರುಕಿನ ಮನುಷ್ಯ ಬಂದರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುವುದು ವ್ಯವಸ್ಥೆಯ ಲಕ್ಷಣ ಅಲ್ಲ, ಅದೃಷ್ಟದ ಲಕ್ಷಣ. ಇನ್ನೊಂದು ಕಡೆ ನೋಡಿ: 370ನೇ ವಿಧಿಯ ಅರ್ಜಿಗಳು 2019ರವು, ತೀರ್ಪು 2023ರ ಡಿಸೆಂಬರ್. ಚುನಾವಣಾ ಬಾಂಡಿನ ಅರ್ಜಿ 2017ರದ್ದು, ತೀರ್ಪು 2024ರ ಫೆಬ್ರವರಿ. ಎರಡೂ ಮುಗಿದದ್ದು ಪೂರಾ ಎರಡು ವರ್ಷ ಸಿಕ್ಕಿದ ಮುಖ್ಯ ನ್ಯಾಯಮೂರ್ತಿಯ ಕಾಲದಲ್ಲಿ.

ಈಗ ಆ 2023ರ ತೀರ್ಪಿಗೆ ಬರೋಣ. ಐವರಲ್ಲಿ ಮೂವರು ನಮ್ಮ ಕರ್ನಾಟಕದವರು: ನಜೀರ್, ಬೋಪಣ್ಣ, ನಾಗರತ್ನ. ನಾಲ್ವರು ಸರಕಾರ ಮಾಡಿದ್ದು ಕಾನೂನಿಗೆ ಸರಿಯಾಗಿಯೇ ಇದೆ ಎಂದರು. ಒಬ್ಬರೇ ಒಬ್ಬರು, ನಾಗರತ್ನ, ಅಲ್ಲ ಎಂದರು. ಪ್ರಸ್ತಾಪ ರಿಸರ್ವ್ ಬ್ಯಾಂಕಿನಿಂದ ಹುಟ್ಟಲಿಲ್ಲ, ಸರಕಾರದಿಂದ ಬಂತು. ಹಾಗಿದ್ದಾಗ ಅದನ್ನು ಕಾಯಿದೆಯ ಮೂಲಕ ಅಥವಾ ಸುಗ್ರೀವಾಜ್ಞೆಯ ಮೂಲಕ ಮಾಡಬೇಕಿತ್ತು. ಇಪ್ಪತ್ತನಾಲ್ಕು ಗಂಟೆಯಲ್ಲಿ ಎಲ್ಲ ಮುಗಿದಿದೆ, ರಿಸರ್ವ್ ಬ್ಯಾಂಕ್ ತಾನಾಗಿ ಯೋಚನೆ ಮಾಡಿದ್ದು ಕಾಣುವುದಿಲ್ಲ: ಇದು ಅವರ ವಾದದ ಸಾರ. 1946ರಲ್ಲೂ 1978ರಲ್ಲೂ ದೊಡ್ಡ ನೋಟು ರದ್ದು ಮಾಡಿದ್ದು ಸುಗ್ರೀವಾಜ್ಞೆಯಿಂದಲೇ. ನಾಲ್ವರದು ಸರಿಯೋ ಅವರೊಬ್ಬರದು ಸರಿಯೋ, ನಾನು ಬಿಕಾಂ ಓದಿದವನು, ವಕೀಲನಲ್ಲ. ಆದರೆ ಆ ದಿನಗಳಲ್ಲಿ ಕೌಂಟರಿನ ಈಚೆ ಕೂತಿದ್ದ ನನಗೆ ಆ ಒಂಟಿ ತೀರ್ಪು ಓದಿ, ನಮ್ಮ ಕಷ್ಟವನ್ನು ಯಾರೋ ಒಬ್ಬರು ಕಾನೂನಿನ ಭಾಷೆಯಲ್ಲಿ ಬರೆದರಲ್ಲ ಅಂತ ಅನ್ನಿಸಿದ್ದು ಸತ್ಯ.

ಆದರೆ ಅವರು ಕೂಡ ಏನು ಹೇಳಬೇಕಾಯಿತು ಗೊತ್ತೇ? ಇಷ್ಟು ಕಾಲ ಕಳೆದ ಮೇಲೆ ಹಿಂದಿನ ಸ್ಥಿತಿಗೆ ಹೋಗಲಾಗದು, ಈ ಮಾತು ಮುಂದಕ್ಕೆ ಮಾತ್ರ ಅನ್ವಯ ಎಂದರು. ರದ್ದಾದ ನೋಟಿನಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ವಾಪಸ್ ಬಂದಾಗಿದೆ ಅಂತ ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತ್ತು. ಆರು ವರ್ಷದ ಮೇಲೆ ಐವರೂ ಒಕ್ಕೊರಲಿನಿಂದ "ತಪ್ಪು" ಎಂದಿದ್ದರೂ ಏನು ಮಾಡಲಿಕ್ಕಾಗುತ್ತಿತ್ತು? ತಡವಾಗಿ ಬಂದ ಕೋರ್ಟು ತೀರ್ಪು ಕೊಡುವುದಿಲ್ಲ, ಇತಿಹಾಸ ಬರೆಯುತ್ತದೆ.

ಹಾಗಾದರೆ ಪರಿಹಾರ? ಅದನ್ನು ನಾನು ಹೇಳಬೇಕಿಲ್ಲ, ಸುಪ್ರೀಂ ಕೋರ್ಟೇ ಬೇರೆಯವರಿಗೆ ಹೇಳಿದೆ! 1997ರಲ್ಲಿ ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷ ಕೊಡಿ, ನಿವೃತ್ತಿ ತಾರೀಖು ನೋಡಬೇಡಿ ಎಂದಿತು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳ ಪೊಲೀಸ್ ಮುಖ್ಯಸ್ಥರಿಗೂ ಇದೇ ಎರಡು ವರ್ಷ ಎಂದಿತು. 2019ರಲ್ಲಿ, ಕನಿಷ್ಠ ಆರು ತಿಂಗಳ ಸರ್ವಿಸ್ ಉಳಿದವರನ್ನು ಮಾತ್ರ ಆ ಹುದ್ದೆಗೆ ಪರಿಗಣಿಸಿ ಎಂದು ಸ್ಪಷ್ಟ ಮಾಡಿತು. ಅಂದರೆ ಏನಾಯಿತು? 36 ದಿನ ಉಳಿದವರು ಕರ್ನಾಟಕದ ಡಿಜಿಪಿ ಆಗುವ ಹಾಗಿಲ್ಲ, ಆದರೆ ಭಾರತದ ಮುಖ್ಯ ನ್ಯಾಯಮೂರ್ತಿ ಆಗಬಹುದು. ಊರಿಗೆಲ್ಲ ಉಪದೇಶ, ಮನೆಗೆ ಮಾತ್ರ ರಿಯಾಯಿತಿ!

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. "ಹಿರಿತನ ಬಿಟ್ಟರೆ ಸರಕಾರ ತನಗೆ ಬೇಕಾದವರನ್ನು ಕೂರಿಸುತ್ತೆ." ಈ ಭಯ ಸುಳ್ಳಲ್ಲ, ಕನ್ನಡಿಗರಂತೂ ಅದನ್ನು ಮರೆಯುವ ಹಾಗಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7-6ರಲ್ಲಿ ಸಂವಿಧಾನದ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಎಂದರು. ಅದರ ಬೆನ್ನಿಗೇ ಇಂದಿರಾ ಗಾಂಧಿ ಸರಕಾರ ಮೂವರು ಹಿರಿಯರನ್ನು ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಲ್ಪಟ್ಟವರು ಶೇಲತ್, ಗ್ರೋವರ್ ಮತ್ತು ನಮ್ಮ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಎದ್ದು ಹೋದರು. 1977ರಲ್ಲಿ ಎಚ್.ಆರ್. ಖನ್ನಾ ಅವರಿಗೂ ಹೀಗೇ ಆಯಿತು. ಆದ್ದರಿಂದ ಸರಕಾರಕ್ಕೆ "ಆರಿಸಿಕೊಳ್ಳಿ" ಅಂತ ಪಟ್ಟಿ ಕೊಡುವುದು ಬೇಡವೇ ಬೇಡ.

ಆದರೆ ಹಿರಿತನ ಇಟ್ಟುಕೊಂಡೇ ಇದನ್ನು ಸರಿಮಾಡಬಹುದು. ಹಿರಿತನದ ಪಟ್ಟಿ ಮೇಲಿನಿಂದ ಓದುತ್ತಾ ಬನ್ನಿ. ಎರಡು ವರ್ಷದ ಸರ್ವಿಸ್ ಉಳಿದಿರುವ ಮೊದಲನೆಯವರು ಯಾರೋ, ಅವರೇ ಮುಖ್ಯ ನ್ಯಾಯಮೂರ್ತಿ. ಪ್ರಧಾನಿ ಕೈ ಹಾಕುವಂತಿಲ್ಲ, ಕೊಲಿಜಿಯಂ ಕೂಡ ಕೈ ಹಾಕುವಂತಿಲ್ಲ. ಕ್ಯಾಲೆಂಡರು, ಹುಟ್ಟಿದ ದಿನ, ಅಷ್ಟೇ. ಬ್ಯಾಂಕಿನ ಪ್ಯೂನ್ ಕೂಡ ಲೆಕ್ಕ ಹಾಕಿ ಹೇಳಬಹುದು. ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗಬೇಕೆಂದು ಸಂವಿಧಾನದ 124ನೇ ವಿಧಿಯಲ್ಲಿ ಎಲ್ಲೂ ಬರೆದಿಲ್ಲ. ಅದು ಬರೀ ಸಂಪ್ರದಾಯ. ಬರೀ ಹಿರಿತನ ಸಾಲದು ಅಂತ ಕಾನೂನು ಆಯೋಗ 1958ರಲ್ಲೇ ತನ್ನ 14ನೇ ವರದಿಯಲ್ಲಿ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟು ಬರೆದು ನಾನೇ ಲೆಕ್ಕ ಹಾಕಿ ನೋಡಿದೆ. 2025ರ ನವೆಂಬರ್ 24ರಂದು ಈ ನಿಯಮ ಇದ್ದಿದ್ದರೆ ಏನಾಗುತ್ತಿತ್ತು? ಎರಡು ವರ್ಷ ಅಂದರೆ 2027ರ ನವೆಂಬರ್ 23. ನಾಗರತ್ನ ಅವರ ನಿವೃತ್ತಿ ಅಕ್ಟೋಬರ್ 29. 25 ದಿನ ಕಡಿಮೆ! ಅಂದರೆ ನನ್ನ ನಿಯಮದಲ್ಲಿ ನಮ್ಮವರೇ, ದೇಶದ ಮೊದಲ ಮಹಿಳೆಯೇ, ತಪ್ಪಿಹೋಗುತ್ತಾರೆ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಲೆಕ್ಕ ತಿದ್ದಿಬಿಡೋಣವೇ ಅನ್ನಿಸಿತು. ಎರಡು ವರ್ಷದ ಬದಲು ಇಪ್ಪತ್ತಮೂರು ತಿಂಗಳು ಅಂದರಾಯಿತಲ್ಲ? ನಮ್ಮವರಿಗೆ ಬೇಕಾದ ಹಾಗೆ ನಿಯಮ ತಿದ್ದುವುದನ್ನು ನಾನು ಮೂವತ್ತು ವರ್ಷದ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೇಡ.

ತಪ್ಪಿರುವುದು ಸಾಲಿನ ಕೊನೆಯಲ್ಲಿ ಅಲ್ಲ, ಬಾಗಿಲಲ್ಲಿ. 1950ರಲ್ಲಿ ಶುರುವಾದ ಕೋರ್ಟಿಗೆ ಮೊದಲ ಮಹಿಳೆ ಫಾತಿಮಾ ಬೀವಿ ಬಂದದ್ದು 1989ರ ಅಕ್ಟೋಬರಿನಲ್ಲಿ, ವೆಂಕಟರಾಮಯ್ಯನವರು ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ. 2021ರ ಆಗಸ್ಟ್ 31ರಂದು ಒಂದೇ ದಿನ ಒಂಬತ್ತು ಮಂದಿ ಪ್ರಮಾಣ ವಚನ ತೆಗೆದುಕೊಂಡರು, ಅವರಲ್ಲಿ ಮೂವರು ಮಹಿಳೆಯರು. ಆ ಮೂವರೂ ಸೇರಿ 71 ವರ್ಷದಲ್ಲಿ ಒಟ್ಟು 11. 2025ರ ಜೂನ್‌ನಲ್ಲಿ ಬೇಲಾ ತ್ರಿವೇದಿ ನಿವೃತ್ತರಾದಾಗ 34ರ ಕೋರ್ಟಿನಲ್ಲಿ ಉಳಿದ ಮಹಿಳೆ ನಾಗರತ್ನ ಒಬ್ಬರೇ. ಅವರು ಹೈಕೋರ್ಟಿಗೆ ಬಂದದ್ದು 2008ರಲ್ಲಿ, ದಿಲ್ಲಿಗೆ ಹೋದದ್ದು 2021ರಲ್ಲಿ, 58ನೇ ವಯಸ್ಸಿನಲ್ಲಿ. 2018ರಲ್ಲೇ ಕರೆದಿದ್ದರೆ, ಹೈಕೋರ್ಟಿನಲ್ಲಿ ಹತ್ತು ವರ್ಷ ಆಗಿತ್ತಲ್ಲ, ಇದೇ ಹಿರಿತನದ ಲೆಕ್ಕದಲ್ಲಿ 2024ರ ನವೆಂಬರಿಗೆ ಆ ಕುರ್ಚಿ ಅವರಿಗೆ ಬರುತ್ತಿತ್ತು. ಮೂವತ್ತಾರು ದಿನ ಅಲ್ಲ, ಹತ್ತಿರಹತ್ತಿರ ಮೂರು ವರ್ಷ! ಏಳು ವರ್ಷ ಆಳಿದ ವೈ.ವಿ. ಚಂದ್ರಚೂಡ್ ಸುಪ್ರೀಂ ಕೋರ್ಟಿಗೆ ಬಂದದ್ದು 52ಕ್ಕೆ. ಎರಡು ವರ್ಷ ಸಿಕ್ಕಿದ ಅವರ ಮಗ ಬಂದದ್ದು 56ಕ್ಕೆ. ಯಾರು ಮುಖ್ಯ ನ್ಯಾಯಮೂರ್ತಿ, ಎಷ್ಟು ದಿನ ಎನ್ನುವುದು ಪಟ್ಟಾಭಿಷೇಕದ ದಿನ ತೀರ್ಮಾನವಾಗುವುದಿಲ್ಲ. ಬಾಗಿಲು ತೆಗೆದ ದಿನವೇ ತೀರ್ಮಾನವಾಗಿರುತ್ತದೆ. ಬಾಗಿಲು ತೆಗೆಯುವ ಕೊಲಿಜಿಯಂನವರು ಹುಟ್ಟಿದ ತಾರೀಖು ಓದುವುದಿಲ್ಲವೇ? ಓದುತ್ತಾರೆ. ಹಾಗಾದರೆ 36 ದಿನ ಎನ್ನುವುದು 2021ರಲ್ಲೇ ಅವರಿಗೆ ಗೊತ್ತಿತ್ತು. ಪತ್ರಿಕೆಗಳಲ್ಲೂ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಹಾಗಾಗಿ ನನ್ನ ಬೇಡಿಕೆ ಎರಡೇ. ಮುಖ್ಯ ನ್ಯಾಯಮೂರ್ತಿಗೆ ಕನಿಷ್ಠ ಎರಡು ವರ್ಷ. ಹೆಣ್ಣುಮಕ್ಕಳನ್ನೂ ಯೋಗ್ಯರಾದ ಇತರರನ್ನೂ ಐವತ್ತರ ಆಸುಪಾಸಿನಲ್ಲೇ ಒಳಗೆ ಕರೆಯುವುದು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಅನ್ಯಾಯವೇ ಆಗುತ್ತದೆ.

ಸಂಘದ ಕಾರ್ಯಕ್ರಮ ಬೇಡ ಅಂತ ನಾನು ಹೇಳುವುದಿಲ್ಲ. ಮಾಡಿ, ನಾನೂ ವಂತಿಗೆ ಕೊಡುತ್ತೇನೆ. ಆದರೆ ಹಾರ, ಶಾಲು, ಭಾಷಣದ ಮಧ್ಯೆ ಒಬ್ಬರಾದರೂ ಎದ್ದು "ಯಾಕೆ ಮೂವತ್ತಾರೇ ದಿನ?" ಅಂತ ಕೇಳಬೇಕು. ಬೇರೆ ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ.

ಆ ಅಜ್ಜಿ ಮತ್ತೆ ಬ್ರಾಂಚಿಗೆ ಬರಲಿಲ್ಲ. ಅಷ್ಟರಲ್ಲಿ ನನಗೂ ಎರಡು ಸಲ ವರ್ಗಾವಣೆ ಆಯಿತು. 2023ರ ತೀರ್ಪಿನ ದಿನ ಅವರ ನೆನಪಾಯಿತು. ಗಡುವು ದಾಟಿದ ನೋಟು ತೆಗೆದುಕೊಳ್ಳುವ ಸ್ವತಂತ್ರ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇಲ್ಲ ಅಂತ ಬಹುಮತದ ತೀರ್ಪಿನಲ್ಲಿ ಹೇಳಿದ್ದರು. ಉತ್ತರ "ಇಲ್ಲ" ಎಂದೇ ಇತ್ತು. ಆದರೂ ಅದನ್ನು ಆರು ತಿಂಗಳಲ್ಲಿ ಹೇಳಿದ್ದರೆ ನಾನು ಅವರಿಗೆ ಹೇಳಬಹುದಿತ್ತು. ಆ ಒಂಬತ್ತು ನೋಟನ್ನು ಇನ್ನೂ ಡಬ್ಬಿಯಲ್ಲಿಟ್ಟು ಕಾಯಬೇಡವ್ವ ಅಂತಾದರೂ.